ಅಪ್‌ಡೇಟ್: ಪಿಕಪ್ ಆಯಿಲ್ ಕುಡಿಯುತ್ತಿದ್ದ ಕಾರಣ ಸಿಕ್ಕಿತು

ನಮ್ಮ ಹಳೇ ಪೆಟ್ರೋಲ್ ಪಿಕಪ್ ಬೆಳಿಗ್ಗೆ ಮಿಸ್ ಹೊಡೆಯುತ್ತದೆ (ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ), 1,000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಬೇಕು ಅಂತ ಹೋದ ತಿಂಗಳು ಕೇಳಿದ್ದೆ.

ಮಿಸ್ ಇದ್ದ ಮೂರನೇ ಸಿಲಿಂಡರಿನ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ತೆಗೆದು ಎರಡನೆಯದಕ್ಕೆ, ಎರಡನೆಯದರದ್ದು ಮೂರಕ್ಕೆ ಹಾಕಿದೆ. ಮಿಸ್ ಮೂರರಲ್ಲೇ ಉಳಿಯಿತು, ಅಂದರೆ ತಪ್ಪು ಕಾಯಿಲ್‌ದಲ್ಲ. ಪ್ಲಗ್ ಬಿಚ್ಚಿದರೆ ತುದಿಯೆಲ್ಲ ಕಪ್ಪು, ಎಣ್ಣೆ ಜಿಡ್ಡು. ಪಿಸ್ಟನ್ ಸುತ್ತ ಆಯಿಲ್ ತಡೆಯುವ ರಿಂಗ್ ಹೋಗಿದೆ ಅಂತ ಹೆದರಿದ್ದೆ. ಆದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಬಂತು, ರಿಂಗ್ ಹೋಗಿದ್ದರೆ ಮೂರರಲ್ಲಿ ಕಡಿಮೆ ಬರಬೇಕಿತ್ತು! ಚಾರ್ಮಾಡಿ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬರುತ್ತಿತ್ತಲ್ಲ, ಅದೇ ಸುಳಿವು. ಹೋಗಿದ್ದು ವಾಲ್ವ್ ಸೀಲ್, ಅಂದರೆ ಮೇಲಿನ ಆಯಿಲ್ ವಾಲ್ವ್ ಪಕ್ಕದಿಂದ ಸಿಲಿಂಡರಿಗೆ ಇಳಿಯದಂತೆ ತಡೆಯುವ ರಬ್ಬರ್; ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಒಳಗೆ ಎಳೆದುಕೊಂಡ ಆಯಿಲ್ ಆಮೇಲೆ ಉರಿದು ಹೊಗೆ ಆಗುತ್ತಿತ್ತು. ಬಿಚ್ಚಿದ ಸೀಲ್ ರಬ್ಬರ್ ಥರ ಇರಲೇ ಇಲ್ಲ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಎಲ್ಲಾ ಸೀಲ್, ಪ್ಲಗ್ ಹೊಸದು ಹಾಕಿಸಿ 1,200 ಕಿ.ಮೀ. ಓಡಿಸಿದ್ದೇನೆ. ಮಿಸ್ ಇಲ್ಲ, ಆಯಿಲ್ ಕೂದಲೆಳೆಯಷ್ಟು ಇಳಿದಿದೆ ಅಷ್ಟೇ. ಇಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.