ಸ್ಯಾಕ್‌ವಿಲ್: ಜೌಗಿನ ಊರಲ್ಲಿ ಕಾಲೇಜು ಕಟ್ಟೋ ದುಡ್ಡು ಎಲ್ಲಿಂದ ಬಂತು?

ಪ್ರಶ್ನೆ: ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಸ್ಯಾಕ್‌ವಿಲ್ ಅಂದರೆ ಎಲ್ಲರೂ ಮೌಂಟ್ ಆಲಿಸನ್ ವಿಶ್ವವಿದ್ಯಾಲಯದ ಹೆಸರು ಹೇಳ್ತಾರೆ. ಅದಕ್ಕೂ ಮುಂಚೆ ಊರಿನ ಜೀವನ ನಡೀತಿದ್ದದ್ದು ಯಾವುದರಿಂದ? ಸುತ್ತಲೂ ತಾಂತ್ರಮಾರ್ ಜೌಗು ಬಿಟ್ಟರೆ ಏನೂ ಕಾಣಲ್ಲ.

ಉತ್ತರ 1: ಆ ಜೌಗೇ ಬಂಡವಾಳ. ಫಂಡಿ ಕೊಲ್ಲಿಯ ಈ ತುದಿಯಲ್ಲಿ ಉಬ್ಬರ ಹತ್ತು ಮೀಟರಿಗೂ ಮೀರುತ್ತೆ, ತಂದು ಹಾಕೋ ಮೆಕ್ಕಲು ಬಹಳ ಫಲವತ್ತು. 17ನೇ ಶತಮಾನದ ಕೊನೆಗೆ ಅಕೇಡಿಯನ್ನರು, ಅಂದರೆ ಈ ಕಡೆ ನೆಲೆಸಿದ್ದ ಫ್ರೆಂಚರು, ಬೇರುಸಮೇತ ಕಡಿದ ಹುಲ್ಲುಹೆಂಟೆಗಳಿಂದ ಒಡ್ಡು ಕಟ್ಟಿ, ತೊರೆ ಹಾಯುವಲ್ಲಿ ‘ಅಬ್ವಾಟೋ’ ಹೂತರು. ಅದು ಮರದ ತೂಬು, ಒಳಗೆ ಮೇಲಂಚಿನಲ್ಲಿ ಕೀಲು ಹಾಕಿದ ಒಂದು ಹಲಗೆ. ಇಳಿತದಲ್ಲಿ ಒಳಗಿನ ಮಳೆನೀರು ಹಲಗೆ ತಳ್ಳಿಕೊಂಡು ಹೊರಬೀಳುತ್ತೆ, ಉಬ್ಬರದಲ್ಲಿ ಸಮುದ್ರವೇ ಒತ್ತಿ ಬಾಗಿಲು ಮುಚ್ಚುತ್ತೆ. ಎರಡು ಮೂರು ವರ್ಷ ಮಳೆಗೆ ಉಪ್ಪು ತೊಳೆದುಹೋದ ಮೇಲೇ ಬಿತ್ತನೆ. ಚೌಕಟ್ಟಿನ ಸಂದಿಗೆ ಒಂದು ಕಟ್ಟಿಗೆ ಸಿಕ್ಕಿಕೊಂಡರೂ ಹಲಗೆ ಸರಿಯಾಗಿ ಕೂರಲ್ಲ. ಉಪ್ಪುನೀರು ಹೊಲಕ್ಕೆ ನುಗ್ಗಿದರೆ ತೊಳೆಯೋ ಕೆಲಸ ಮತ್ತೆ ಮೊದಲಿಂದ. 1755ರಲ್ಲಿ ಬ್ರಿಟಿಷರು ಈ ಅಕೇಡಿಯನ್ನರನ್ನು ಗಡೀಪಾರು ಮಾಡತೊಡಗಿದರು. ಒಡ್ಡು ಕಟ್ಟಿದವರು ಹೋದರು, ಹೊಲ ಬೇರೆಯವರ ಪಾಲಾಯ್ತು.

ಉತ್ತರ 2: ಆ ಬೇರೆಯವರಲ್ಲೇ ಕಾಲೇಜಿನ ಮೂಲ ಇದೆ. 1772–75ರ ನಡುವೆ ಯಾರ್ಕ್‌ಷೈರ್‌ನಿಂದ ಬಂದವರಲ್ಲಿ ಮೆಥಡಿಸ್ಟರು (ಕ್ರೈಸ್ತರ ಒಂದು ಪಂಥದವರು) ಬಹಳ, ಊರಲ್ಲಿ ಆ ಪಂಥ ಬೇರುಬಿಟ್ಟಿತು. 1839ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಆಲಿಸನ್ ಮೆಥಡಿಸ್ಟ್ ಶಾಲೆಗೆ ಜಾಗ, ಕಟ್ಟಡ ಎರಡೂ ಕೊಡ್ತೀನಿ ಅಂದ. 1843ರಲ್ಲಿ ಶಾಲೆ ತೆರೆಯಿತು, ಅದೇ ಬೆಳೆದು ಮೌಂಟ್ ಆಲಿಸನ್ ಆಯ್ತು. ಆದರೆ ಆಲಿಸನ್ ವ್ಯಾಪಾರಿ, ಹಾಗಾಗಿ ‘ಜೌಗೇ ಕಾಲೇಜು ಕಟ್ಟಿತು’ ಅನ್ನೋದು ಅರ್ಧ ಸತ್ಯ ಅಷ್ಟೆ. 1875ರಲ್ಲಿ ಗ್ರೇಸ್ ಆ್ಯನಿ ಲಾಕ್‌ಹಾರ್ಟ್ ಇಲ್ಲೇ ಬಿಎಸ್‌ಸಿ ಪಡೆದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಪದವಿ ಪಡೆದ ಮೊದಲ ಮಹಿಳೆ.

ಉತ್ತರ 3: ಕಾರ್ಖಾನೆ ಮರೆತಿರಿ. ಜೌಗಿನ ಒಣಹುಲ್ಲು ನಾಟಾ ಕ್ಯಾಂಪಿನ, ಪೇಟೆಗಳ ಕುದುರೆಗಳಿಗೆ ಹೋಗ್ತಿತ್ತು, ಅಂದರೆ ಆಗಿನ ಪೆಟ್ರೋಲು. ಮೋಟಾರು ಬಂದು 1920ರ ದಶಕದಲ್ಲಿ ಆ ಮಾರುಕಟ್ಟೆ ಕುಸಿಯಿತು. ಆಗಲೂ ಊರನ್ನು ಹಿಡಿದಿದ್ದು ಎರಡು ಎರಕದ ಕಾರ್ಖಾನೆಗಳು: ಫಾಸೆಟ್ (1852), ಎಂಟರ್‌ಪ್ರೈಸ್ (1872). ಎರಡೂ ಒಲೆ ಮಾಡುತ್ತಿದ್ದವು, ಮುಂದೆ ಒಂದಾದವು. 2012ರ ಬೆಂಕಿ ಅದನ್ನೂ ಮುಗಿಸಿತು. ಅದೇ ವರ್ಷ ರೇಡಿಯೊ ಕೆನಡಾ ಇಂಟರ್‌ನ್ಯಾಷನಲ್‌ನ ಶಾರ್ಟ್‌ವೇವ್ ಪ್ರಸಾರವೂ ಇಲ್ಲಿಂದ ನಿಂತಿತು.

ಪ್ರಶ್ನೆ ಕೇಳಿದವರು: ಹಾಗಾದರೆ ಈಗ ವಿಶ್ವವಿದ್ಯಾಲಯವೊಂದೇ ಗತಿಯೇ?

ಉತ್ತರ 2: ಹೆಚ್ಚುಕಮ್ಮಿ. ವಿದ್ಯಾರ್ಥಿಗಳು ಎರಡು ಸಾವಿರದ ಮೇಲೆ, ಆದರೆ ಅವರ ಖರ್ಚು ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಬಾಡಿಗೆಮನೆ, ಹೋಟೆಲು ಎಲ್ಲದಕ್ಕೂ ಎಂಟು ತಿಂಗಳ ಲೆಕ್ಕ. ಅಂಕಿಅಂಶ ನೋಡುವಾಗ ಎರಡು ಕಡೆ ಎಡವಬಹುದು. ಕೆನಡಾದ ಜನಗಣತಿ ಮೇ ತಿಂಗಳಲ್ಲಿ ನಡೆಯುತ್ತೆ, ರಜೆಗೆ ಅಪ್ಪ ಅಮ್ಮನ ಮನೆಗೆ ಮರಳೋ ವಿದ್ಯಾರ್ಥಿ ಆ ಮನೆಯ ಲೆಕ್ಕಕ್ಕೇ ಸೇರ್ತಾನೆ. ಆದ್ದರಿಂದ ಚಳಿಗಾಲದಲ್ಲಿ ಊರಲ್ಲಿರೋ ಜನ ಪಟ್ಟಿಯ ಸಂಖ್ಯೆಗಿಂತ ಹೆಚ್ಚು. ಇನ್ನೊಂದು, 2023ರ ಜನವರಿ 1ರಿಂದ ಸ್ಯಾಕ್‌ವಿಲ್, ಡಾರ್ಚೆಸ್ಟರ್ ಸೇರಿ ‘ತಾಂತ್ರಮಾರ್’ ಪುರಸಭೆ ಆಗಿದೆ. ಹಳೆ ಹೊಸ ಸಂಖ್ಯೆಗಳನ್ನು ನೇರ ಪಕ್ಕಪಕ್ಕ ಇಟ್ಟರೆ ಊರು ದಿಢೀರ್ ಬೆಳೆದ ಹಾಗೆ ಕಾಣುತ್ತೆ.