ಮೂರು ವರ್ಷ ದಾಟಿತು, ಪೇಟೆಂಟ್ ಅರ್ಜಿ ಕದಲ್ತಾನೇ ಇಲ್ಲ

ಅಡಿಕೆತೋಟ: ಅಡಿಕೆ ಸುಲಿಯೋ ಯಂತ್ರಕ್ಕೆ ಅರ್ಜಿ ಹಾಕಿದ್ದು. ಫೀಸೆಲ್ಲ ಕಟ್ಟಿದೀನಿ. ಎಫ್‌ಇಆರ್ (ಮೊದಲ ಪರೀಕ್ಷಾ ವರದಿ) ಇಲ್ಲ, ಒಂದು ಪತ್ರ ಇಲ್ಲ. ತಲೆ ಕೆಟ್ಟುಹೋಗಿದೆ, ದಾರಿ ಹೇಳಿ.

ಬೇರಿಂಗ್6203: ಬೇಗ ಪ್ರಕಟಿಸಿ ಅಂತ ಕೇಳೋ ಫಾರ್ಮ್ 9 ಹಾಕಿರಲ್ಲ. ಅದಿಲ್ಲದಿದ್ರೆ ಪ್ರಕಟಣೆಗೇ 18 ತಿಂಗಳು. ಆನ್‌ಲೈನ್‌ನಲ್ಲಿ ₹2,500 ಕಟ್ಟಿ ಹಾಕಿ.

ಅಡಿಕೆತೋಟ: ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗಿ ವರ್ಷದ ಮೇಲಾಯ್ತು ಸಾರ್.

ಬೇರಿಂಗ್6203: ಹಾಗಾದ್ರೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ತೊಡಕು, ಹಳೇ ಸಾಧನಗಳ ಬರೀ ಜೋಡಣೆಗೆ ಪೇಟೆಂಟ್ ಇಲ್ಲ ಅನ್ನೋದು. ರೋಲರ್, ಬ್ಲೇಡ್, ಹಾಪರ್ ಎಲ್ಲ ಹಳೇವೇ. ಬರೀ ಜೋಡಣೆ ಅಂತಾರೆ. ಬ್ಲೇಡಿನ ಕೋನದಿಂದ ಗೋಟು (ಇಡೀ ಒಣ ಅಡಿಕೆ) ಒಡೆಯೋದು ಹೇಗೆ ತಪ್ಪುತ್ತೆ ಅಂತ ಕ್ಲೇಮ್‌ನಲ್ಲಿ, ಅಂದ್ರೆ ಹಕ್ಕು ಕೇಳೋ ಭಾಗದಲ್ಲಿ, ಬರೀರಿ.

ಕ್ಲೇಮ್‌ನೋಡಿ: 3(ಎಫ್) ಬರೋದು ಪರೀಕ್ಷೆ ಶುರುವಾದ ಮೇಲೆ. ಇಲ್ಲಿ ಶುರುವೇ ಆಗಿಲ್ಲ.

ಬೇರಿಂಗ್6203: ಕ್ಲೇಮ್ ಸರಿ ಇಲ್ಲದೆ ಮುಂದೆ ಹೋದ್ರೂ ಏನು ಪ್ರಯೋಜನ?

ಕ್ಲೇಮ್‌ನೋಡಿ: ಅದು ಬೇರೆ ಮಾತು. @ಅಡಿಕೆತೋಟ, ಸ್ಟೇಟಸ್‌ನಲ್ಲಿ ಏನಿದೆ, ಅಕ್ಷರಶಃ ಹಾಕಿ. ಪರೀಕ್ಷೆ ಮಾಡಿ ಅಂತ ಕೋರೋ ಫಾರ್ಮ್ 18 ಹಾಕಿದ್ದೀರಾ?

ಅಡಿಕೆತೋಟ: ‘ಅವೇಟಿಂಗ್ ರಿಕ್ವೆಸ್ಟ್ ಫಾರ್ ಎಕ್ಸಾಮಿನೇಷನ್’. ಹಾಕಿದ್ದು ಫಾರ್ಮ್ 1, 2, 3, 5 ಮಾತ್ರ. ಪ್ರಾವಿಷನಲ್ (ತಾತ್ಕಾಲಿಕ ವಿವರಣೆ) 2022ರ ಜೂನ್ 10, ಕಂಪ್ಲೀಟ್ (ಪೂರ್ಣ ವಿವರಣೆ) 2023ರ ಜೂನ್ 5.

ಕ್ಲೇಮ್‌ನೋಡಿ: ಸಿಕ್ತು. ಕಚೇರಿ ನಿಮ್ಮ ಕೋರಿಕೆಗೇ ಕಾಯ್ತಿದೆ. ಆ ಕೋರಿಕೆ ಬಾರದೆ ಯಾವ ಅರ್ಜಿಯನ್ನೂ ಪರೀಕ್ಷೆಗೆ ತಗೊಳ್ಳಲ್ಲ. ಕೋರಿಕೆ ಹಾಕೋಕೆ 2024ರ ಮಾರ್ಚ್ 15ಕ್ಕಿಂತ ಮುಂಚಿನ ಅರ್ಜಿಗೆ 48 ತಿಂಗಳು, ಆಮೇಲಿನದಕ್ಕೆ 31. ಎಣಿಕೆ ಕಂಪ್ಲೀಟ್ ಹಾಕಿದ ದಿನದಿಂದಲ್ಲ, ಪ್ರಾವಿಷನಲ್ ದಿನದಿಂದ. ಎಡವೋದೇ ಇಲ್ಲಿ. ನಿಮ್ಮ ಗಡುವು 2026ರ ಜೂನ್ 10, 2027 ಅಲ್ಲ. ಮೀರಿದ್ರೆ ಅರ್ಜಿ ಹಿಂಪಡೆದಂತೆ. ವೈಯಕ್ತಿಕ ಅರ್ಜಿದಾರರಿಗೆ ಆನ್‌ಲೈನ್‌ನಲ್ಲಿ ₹4,000. ಇವತ್ತೇ ಹಾಕಿ.

ಅಡಿಕೆತೋಟ: ಅಯ್ಯೋ, 2027 ಅಂದ್ಕೊಂಡಿದ್ದೆ. ಅರ್ಜಿದಾರರಲ್ಲಿ ನಮ್ಮ ಮನೆಯವರೂ (ಹೆಂಡತಿ) ಇದಾರೆ, ಅದರಿಂದ ಏನಾದ್ರೂ ಆಗುತ್ತಾ?

ಕ್ಲೇಮ್‌ನೋಡಿ: ಮೊದಲೇ ಹೇಳಬಾರದಿತ್ತೇ! ಅರ್ಜಿದಾರರೆಲ್ಲ ವ್ಯಕ್ತಿಗಳಾಗಿದ್ದು ಒಬ್ಬರಾದ್ರೂ ಮಹಿಳೆ ಇದ್ರೆ ಫಾರ್ಮ್ 18ರ ಬದಲು ಫಾರ್ಮ್ 18ಎ, ₹8,000, ತ್ವರಿತ ಪರೀಕ್ಷೆ. ಬರೀ ಇನ್ವೆಂಟರ್ ಕಾಲಂನಲ್ಲಿ ಹೆಸರಿದ್ರೆ ಸಾಲದು, ಫಾರ್ಮ್ 1ರ ಅರ್ಜಿದಾರರ ಕಾಲಂ ನೋಡಿ. ಎಫ್‌ಇಆರ್ ಬಂದ ಮೇಲೆ ಉತ್ತರಕ್ಕೆ 6 ತಿಂಗಳು.

ಬೇರಿಂಗ್6203: ಆ 6 ತಿಂಗಳಲ್ಲಿ 3(ಎಫ್)ಗೆ ಉತ್ತರ ಬರೆಯೋಕೆ ಬೇಕಾಗುತ್ತೆ, ಗೋಟಿನ ಲೆಕ್ಕ ಈಗಲೇ ಬರೆದಿಡಿ. ಹೊಸದಾಗಿ ಸುಲಿದ ಹತ್ತು ಕೆಜಿಯಲ್ಲಿ ಎಷ್ಟು ಒಡೀತು ಅಂತ.

ಮಿಕ್ಸಿಮೋಟಾರ್: ಮಧ್ಯೆ ಬಂದೆ, ಕ್ಷಮಿಸಿ. ಡ್ರಾಯಿಂಗ್ ಹಾಳೆಗೆ ಅಂಚು ಎಷ್ಟು ಬಿಡಬೇಕು?

ಕ್ಲೇಮ್‌ನೋಡಿ: ಎ4. ಮೇಲೆ, ಎಡಕ್ಕೆ 4 ಸೆಂ.ಮೀ., ಕೆಳಗೆ, ಬಲಕ್ಕೆ 3. ಚಿತ್ರದ ಮೇಲೆ ವಿವರಣೆ ಬರೀಬೇಡಿ, ನಂಬರ್ ಮಾತ್ರ.

ಅಡಿಕೆತೋಟ: ಫಾರ್ಮ್ 1ರಲ್ಲಿ ಅವರ ಹೆಸರು ಅರ್ಜಿದಾರರ ಕಾಲಂನಲ್ಲೇ ಇದೆ. 18ಎ ತುಂಬ್ತಿದೀನಿ.