ಪ್ರಶ್ನೋತ್ತರ: ಮನೆ ಮುಂದಿನ ಫುಟ್‌ಪಾತ್ ಯಾರ ಹೊಣೆ? ಶಿಕಾಗೊದ ಹಿಮ, ಹುಬ್ಬಳ್ಳಿಯ ರಾಡಿ

ಪ್ರಶ್ನೆ (ಸಪ್ತಾಪುರ, ಧಾರವಾಡ): ವಕೀಲರೇ, ನಮಸ್ಕಾರ. ನನ್ನ ಮಗ ಶಿಕಾಗೊದಲ್ಲಿ ಸ್ವಂತ ಮನೆ ತಗೊಂಡಿದ್ದಾನೆ. ಮೊನ್ನೆ ಹಿಮ ಬಿದ್ದಾಗ ಊರಲ್ಲಿ ಇರಲಿಲ್ಲ. ವಾಪಸ್ ಬಂದಾಗ ಪಕ್ಕದ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದರಂತೆ. ನಿಮ್ಮ ಮನೆ ಮುಂದೆ ನಮ್ಮ ತಾಯಿ ಜಾರಿ ಬಿದ್ದರು, ಇನ್ನೊಮ್ಮೆ ಹೀಗಾದರೆ ದೂರು ಕೊಡುತ್ತೇವೆ ಅಂತ. ಫುಟ್‌ಪಾತ್ ಸರ್ಕಾರದ್ದು ಅಲ್ವಾ? ಮಗ ತೆರಿಗೆಯನ್ನೂ ಕಟ್ಟುತ್ತಾನೆ. ಹಿಮ ತೆಗೆಯುವುದು ಇವನ ಕೆಲಸ ಹೇಗಾಗುತ್ತದೆ? ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ ಕೇಸ್ ಇವನ ಮೇಲೆ ಬರುತ್ತದಾ?

ಉತ್ತರ (ವಕೀಲರು, ಹುಬ್ಬಳ್ಳಿ): ಸರ್, ಮೊದಲು ಆ ತಾಯಿ ಹೇಗಿದ್ದಾರೆ ಅಂತ ಮಗ ಹೋಗಿ ವಿಚಾರಿಸಲಿ. ಕಾನೂನು ಏನೇ ಇರಲಿ, ಅದು ಮೊದಲು ಆಗಬೇಕು.

ನೀವು ಎರಡು ಪ್ರಶ್ನೆ ಸೇರಿಸಿ ಕೇಳಿದ್ದೀರಿ. ಹಿಮ ಯಾರು ತೆಗೆಯಬೇಕು ಅನ್ನುವುದು ಒಂದು. ಯಾರಾದರೂ ಬಿದ್ದರೆ ಪರಿಹಾರ ಯಾರು ಕೊಡಬೇಕು ಅನ್ನುವುದು ಇನ್ನೊಂದು. ಇವೆರಡನ್ನು ಬೇರೆ ಬೇರೆ ಇಟ್ಟೇ ನೋಡಬೇಕು.

ಹಿಮ ತೆಗೆಯುವ ಕೆಲಸ ನಿಮ್ಮ ಮಗನದೇ. ಜಾಗ ನಗರದ್ದಾದರೂ, ಅದಕ್ಕೆ ಹೊಂದಿಕೊಂಡ ಮನೆಯ ಮಾಲೀಕರು, ಬಾಡಿಗೆದಾರರು, ಅಲ್ಲಿ ವಾಸ ಇರುವವರು ಅದನ್ನು ತೆರವು ಮಾಡಬೇಕು ಅಂತ ಶಿಕಾಗೊ ನಗರದ ಕಾಯ್ದೆ ಹೇಳುತ್ತದೆ. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಬಿದ್ದ ಹಿಮವನ್ನು ಅದೇ ರಾತ್ರಿ 10ರೊಳಗೆ ತೆಗೆಯಬೇಕು. ಸಂಜೆ 7ರ ನಂತರ ಬಿದ್ದರೆ ಮರುದಿನ ಬೆಳಗ್ಗೆ 10ರೊಳಗೆ. ದಾರಿ 5 ಅಡಿ ಅಗಲ ಇರಬೇಕು. ಮೂಲೆ ಮನೆಯಾದರೆ ಎರಡೂ ಬದಿ, ಜೊತೆಗೆ ರಸ್ತೆಗೆ ಇಳಿಯುವ ಇಳಿಜಾರು ಕೂಡ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ. ತೆಗೆದ ಹಿಮವನ್ನು ರಸ್ತೆಗೆ ತಳ್ಳುವಂತೆಯೂ ಇಲ್ಲ.

ಗಂಟೆ ಲೆಕ್ಕ ಯಾಕೆ ಅಂದರೆ, ಆಗ ತಾನೇ ಬಿದ್ದ ಹಿಮ ಮೆತ್ತಗಿರುತ್ತದೆ, ಸಲಿಕೆಗೆ ಸಲೀಸಾಗಿ ಬರುತ್ತದೆ. ಜನ ತುಳಿದ ಮೇಲೆ ಬಿಗಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಕಣ್ಣಿಗೂ ಸರಿಯಾಗಿ ಕಾಣದ ಗಾಜಿನಂಥ ಪದರ. ನಗರದ ಗಾಡಿಗಳು ಡಾಂಬರು ರಸ್ತೆ ತೆರವು ಮಾಡುತ್ತವೆ. ಅಷ್ಟು ಹೊತ್ತಿನೊಳಗೆ ಪ್ರತಿ ಮನೆಯ ಮುಂದಿನ ಫುಟ್‌ಪಾತ್ ಮುಟ್ಟುವುದು ಅವುಗಳಿಂದ ಆಗದ ಕೆಲಸ.

ಊರಲ್ಲಿ ಇರಲಿಲ್ಲ ಅನ್ನುವುದು ಕಾರಣ ಆಗುವುದಿಲ್ಲ. ಹೋಗುವ ಮುಂಚೆ ಯಾರಿಗಾದರೂ ದುಡ್ಡು ಕೊಟ್ಟು ಒಪ್ಪಿಸಿ ಹೋಗಬೇಕು.

ಇನ್ನು ಪರಿಹಾರದ ವಿಷಯ. ಇಲ್ಲಿ ನಗರದ ಕಾಯ್ದೆ ಬೇರೆ, ಶಿಕಾಗೊ ಇರುವ ಇಲಿನಾಯ್ ರಾಜ್ಯದ ಕಾನೂನು ಬೇರೆ. ಆಕಾಶದಿಂದ ಬಿದ್ದ ಹಿಮ ಇದ್ದ ಹಾಗೇ ಇದ್ದು ಯಾರಾದರೂ ಜಾರಿದರೆ, ಮನೆಯವರು ಪರಿಹಾರ ಕೊಡಬೇಕು ಅಂತ ಆ ರಾಜ್ಯದ ಕೋರ್ಟುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಇದರಿಂದಾಗಿ ಹಿಂದೆ ಜನರಿಗೆ ಒಂದು ಭಯ ಇತ್ತು. ತೆಗೆಯಲು ಹೋಗಿ ಅರ್ಧಂಬರ್ಧ ಆದರೆ ಸಿಕ್ಕಿಹಾಕಿಕೊಳ್ಳುತ್ತೇವೆ, ಸುಮ್ನೆ ಬಿಡುವುದೇ ಸುರಕ್ಷಿತ ಅಂತ. ಆ ಭಯಕ್ಕೆ ಉತ್ತರವಾಗಿ 1979ರ ಕಾನೂನು ಇದೆ. ವಾಸದ ಮನೆಯವರು ಮುಂದಿನ ಫುಟ್‌ಪಾತಿನ ಹಿಮ ತೆಗೆದರೆ, ಅಥವಾ ತೆಗೆಯಲು ಪ್ರಯತ್ನಿಸಿದರೆ, ಉಳಿದ ಹಿಮದಿಂದ ಯಾರಾದರೂ ಬಿದ್ದರೂ ಅವರ ಮೇಲೆ ಹೊಣೆ ಇಲ್ಲ. ಬೇಕಂತಲೇ ಅಥವಾ ತೀರಾ ಬೇಜವಾಬ್ದಾರಿಯಿಂದ ಮಾಡಿದ್ದರೆ ಮಾತ್ರ ಇದೆ. ನನ್ನ ಮಟ್ಟಿಗೆ ಇದು ಒಳ್ಳೆಯ ಕಾನೂನು. ಕೆಲಸ ಮಾಡಿದವರಿಗೇ ಶಿಕ್ಷೆ ಆಗಬಾರದು.

ಆದರೆ ಮಗನಿಗೆ ಒಂದು ವಿಷಯ ತಪ್ಪದೆ ಹೇಳಿ. ಮಾಳಿಗೆಯ ನೀರು ಇಳಿಯುವ ಪೈಪಿನ ಬಾಯಿ ಫುಟ್‌ಪಾತ್ ಕಡೆ ಇದೆಯಾ ನೋಡಲಿ. ಆ ನೀರು ಹರಿದು ಹೆಪ್ಪುಗಟ್ಟಿದರೆ ಅದು ತಾನಾಗಿ ಬಿದ್ದ ಹಿಮ ಅಲ್ಲ. ಕಟ್ಟಡದ ದೋಷದಿಂದ ಆದ ಮಂಜುಗಡ್ಡೆಗೆ 1979ರ ರಕ್ಷಣೆ ಸಿಗುವುದಿಲ್ಲ ಅಂತ ಇಲಿನಾಯ್ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಮನೆ ವಿಮೆಯ ಕಾಗದವನ್ನೂ ಒಮ್ಮೆ ಓದಲಿ. ಪಕ್ಕದ ಮನೆಯವರು ನಿಜವಾಗಿ ಕೇಸ್ ಹಾಕಿದರೆ ಅಲ್ಲಿನ ವಕೀಲರನ್ನೇ ಹಿಡಿಯಬೇಕು.

ಪ್ರಶ್ನೆ (ಕೇಶ್ವಾಪುರ): ಮೇಡಂ, ನನ್ನ ಮಗಳು ನ್ಯೂಯಾರ್ಕಿನಲ್ಲಿ ಇದ್ದಾಳೆ. ಅಲ್ಲೂ ಇದೇ ನಿಯಮನಾ?

ಉತ್ತರ: ಇಲ್ಲ, ಊರಿಗೊಂದು ನಿಯಮ. ನ್ಯೂಯಾರ್ಕಿನಲ್ಲಿ ಹಗಲು ಹೊತ್ತು ಹಿಮ ನಿಂತರೆ 4 ಗಂಟೆಯೊಳಗೆ, ರಾತ್ರಿ 9ರ ನಂತರ ನಿಂತರೆ ಬೆಳಗ್ಗೆ 11ರೊಳಗೆ ತೆಗೆಯಬೇಕು. ಅಲ್ಲಿ 2003ರಿಂದ ಬಿದ್ದವರ ಪರಿಹಾರದ ಹೊಣೆಯೂ ಬಹುತೇಕ ಕಟ್ಟಡದ ಮಾಲೀಕರ ಮೇಲೆ ಬಂದಿದೆ. ಮೂರು ಕುಟುಂಬದವರೆಗಿನ, ಮಾಲೀಕರೇ ವಾಸ ಇರುವ ಮನೆಗಳಿಗೆ ಮಾತ್ರ ಅದರಿಂದ ವಿನಾಯಿತಿ. ಮಗಳು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದರೆ ಸಾಮಾನ್ಯವಾಗಿ ಕಟ್ಟಡದವರೇ ನೋಡಿಕೊಳ್ಳುತ್ತಾರೆ. ಬಿಡಿ ಮನೆಯಾದರೆ ಕರಾರು ಪತ್ರ ತೆಗೆದು ನೋಡಲಿ.

ಪ್ರಶ್ನೆ (ಸಪ್ತಾಪುರ): ಜನವರಿಯಲ್ಲಿ ನಾವೂ ಅಲ್ಲಿಗೆ ಹೋಗುತ್ತೇವೆ. ಮಗ ಆಫೀಸಿಗೆ ಹೋದಾಗ ನಾನೇ ತೆಗೆಯಬಹುದಲ್ಲ? ಬಿಸಿನೀರು ಸುರಿದರೆ ಬೇಗ ಆಗುತ್ತದಾ?

ಉತ್ತರ: ದಯವಿಟ್ಟು ಬೇಡ ಸರ್. ಒದ್ದೆ ಹಿಮ ಬಹಳ ಭಾರ. ಕೊರೆಯುವ ಚಳಿಯಲ್ಲಿ ಅದನ್ನು ಎತ್ತಿ ಹಾಕುವಾಗ ಹೃದಯಾಘಾತ ಆಗುವ ಅಪಾಯ ನಿಜವಾಗಿ ಇದೆ, ವಯಸ್ಸಾದವರಿಗಂತೂ ಜಾಸ್ತಿ. ಬಿಸಿನೀರು ಸುರಿದರೆ ಅದೇ ಹೆಪ್ಪುಗಟ್ಟಿ ಮೊದಲಿಗಿಂತ ಹೆಚ್ಚು ಜಾರುತ್ತದೆ. ಸಲಿಕೆಯಿಂದ ಹಿಮ ತೆಗೆದ ಮೇಲೆ ಉಪ್ಪು ಹಾಕುತ್ತಾರೆ. ಸಾದಾ ಉಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಉಸುಕು ಹಾಕಿದರೆ ಹಿಮ ಕರಗುವುದಿಲ್ಲ, ಕಾಲಿಗೆ ಹಿಡಿತ ಸಿಗುತ್ತದೆ. ನೀವು ಒಳಗಿದ್ದು ಮೊಮ್ಮಕ್ಕಳನ್ನು ನೋಡಿಕೊಳ್ಳಿ.

ಪ್ರಶ್ನೆ (ದುರ್ಗದಬೈಲ್, ಹುಬ್ಬಳ್ಳಿ): ಹಿಮ ನಮಗೆ ಬೇಡ ಮೇಡಂ, ಇಲ್ಲಿಯದು ಹೇಳಿ. ಮಳೆಗಾಲದಲ್ಲಿ ನನ್ನ ಅಂಗಡಿ ಮುಂದಿನ ಫುಟ್‌ಪಾತ್ ಪೂರ್ತಿ ರಾಡಿ. ಪಕ್ಕದಲ್ಲಿ ಮನೆ ಕಟ್ಟುವವರು ಉಸುಕು, ಖಡಿ ಅಲ್ಲೇ ಒಟ್ಟಿದ್ದಾರೆ. ಇದೆಲ್ಲ ತೆಗೆಸುವುದು ನಾನಾ, ಪಾಲಿಕೆನಾ?

ಉತ್ತರ: ಇಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ. ಸಾರ್ವಜನಿಕ ರಸ್ತೆ ಸ್ವಚ್ಛ ಮಾಡುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಪ್ರಕಾರ ಪಾಲಿಕೆಯ ಕಡ್ಡಾಯ ಕೆಲಸ. ಫುಟ್‌ಪಾತ್ ರಸ್ತೆಯದೇ ಭಾಗ. ಗದಗ, ಹಾವೇರಿಯಲ್ಲಿ ನಗರಸಭೆ ಇರುವುದರಿಂದ ಅಲ್ಲಿಗೆ 1964ರ ಪುರಸಭೆಗಳ ಕಾಯ್ದೆ. ರಾಡಿ ತೆಗೆಯಲಿಲ್ಲ ಅಂತ ನಿಮಗೆ ಯಾರೂ ದಂಡ ಹಾಕಲಾರರು.

ಆದರೆ ಅಡ್ಡ ಮಾಡುವ ಹಕ್ಕು ಯಾರಿಗೂ ಇಲ್ಲ. ಉಸುಕು ಒಟ್ಟಿದವರಿಗೂ ಇಲ್ಲ, ಫುಟ್‌ಪಾತ್ ಮೇಲೆ ಸಾಮಾನು ಹರಡುವ ಅಂಗಡಿಯವರಿಗೂ ಇಲ್ಲ. ನಿಮ್ಮ ಸಾಮಾನು ಹೊರಗೆ ಇದ್ದರೆ ಮೊದಲು ಒಳಗೆ ತಗೊಳ್ಳಿ, ಆಮೇಲೆ ದೂರು ಕೊಡಿ. ಕಸ ಗುಡಿಸಿ ಗಟಾರಕ್ಕೆ ತಳ್ಳುವುದನ್ನೂ ಬಿಡಿ. ಗಟಾರ ಕಟ್ಟಿಕೊಂಡರೆ ಅದೇ ನೀರು ಉಕ್ಕಿ ನಿಮ್ಮ ಮುಂದೆಯೇ ರಾಡಿ ಆಗುತ್ತದೆ. ನಮ್ಮ ಎರೆಮಣ್ಣಿನ ಊರಲ್ಲಿ ಆ ರಾಡಿ ಎಷ್ಟು ಜಾರುತ್ತದೆ ಅಂತ ನಿಮಗೆ ಗೊತ್ತಿದೆ. ಕೋಲು ಊರಿ ನಡೆಯುವ ಹಿರಿಯರು, ಗಾಲಿಕುರ್ಚಿಯಲ್ಲಿ ಇರುವವರು ಗಾಡಿಗಳ ನಡುವೆ ಇಳಿಯಬೇಕಾಗುತ್ತದೆ. ಇದು ನನಗೆ ಬಹಳ ನೋವಿನ ವಿಷಯ.

ಅಡೆತಡೆ ಇಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಸ್ಥಳೀಯ ಸಂಸ್ಥೆ ದುಡ್ಡಿಲ್ಲ ಅಂತ ನೆಪ ಹೇಳಿ ಸ್ವಚ್ಛತೆಯ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಅಂತ 1980ರಲ್ಲಿ ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಪ್ರಕರಣದಲ್ಲೇ ತೀರ್ಪು ಬಂದಿದೆ. ಆ ಪ್ರಕರಣ ಶುರುವಾದದ್ದು ಒಂದು ಓಣಿಯ ಜನ ಗಟಾರದ ಗಲೀಜಿನ ಬಗ್ಗೆ ಕೊಟ್ಟ ಅರ್ಜಿಯಿಂದ. ಸಾರ್ವಜನಿಕರಿಗೆ ಆಗುವ ತೊಂದರೆ ತೆಗೆಸಲು ಅವರು ಬಳಸಿದ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಅರ್ಜಿ ಹಾಕಬಹುದು.

ಅದಕ್ಕೂ ಮುಂಚೆ ಪಾಲಿಕೆಯ ವಲಯ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ತಾರೀಖು ಕಾಣುವ ಫೋಟೊ ಇಡಿ. ಅಕ್ಕಪಕ್ಕದ ಅಂಗಡಿಯವರ ಸಹಿಯೂ ಇರಲಿ. ಎರಡನೇ ಪ್ರತಿಯ ಮೇಲೆ ಕಚೇರಿಯ ಶಿಕ್ಕಾ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.